ಒಂದು ದೋಣಿಗೆ ಎರಡು ಲಂಗರು: ಇಕ್ಕಟ್ಟಿನ ಕೊಲ್ಲಿಯಲ್ಲಿ ನನ್ನ ಅನುಭವ

ಎರಡು ಲಂಗರು ಹಾಕಿದರೆ ಹಗ್ಗ ಹೆಣೆದುಕೊಂಡು ಬಿಡಿಸಲಾಗದ ಗಂಟಾಗುತ್ತದೆ ಎಂದವರೇ ಹೆಚ್ಚು. ಗಂಟಾಗುವುದು ಸ್ವಿವೆಲ್ (ಹಗ್ಗ ತಿರುಚಿಕೊಳ್ಳದಂತೆ ತಾನೇ ತಿರುಗುವ ಕೊಂಡಿ) ಇಲ್ಲದಿದ್ದರೆ. ಸರಿಯಾಗಿ ಕಟ್ಟಿದ ಜೋಡಿ ಲಂಗರು ಈಗ ಜೋರು ಗಾಳಿಗೂ ಜಗ್ಗದೆ ನಿಂತಿದೆ, ಪಕ್ಕದ ದೋಣಿಗಳು ಜಾರಿ ದಡ ಸೇರಿದಾಗಲೂ.

ಲೆಕ್ಕ ಹೀಗಿದೆ. ಉಬ್ಬರದಲ್ಲಿ ನೀರಿನ ಆಳ 5 ಮೀಟರ್, ನೀರಿನಿಂದ ದೋಣಿಯ ಮೂತಿಯ ಎತ್ತರ ಮುಕ್ಕಾಲು ಮೀಟರ್ ಎಂದುಕೊಳ್ಳಿ. ಎರಡನ್ನೂ ಕೂಡಿಸಿ ಅದರ ಏಳು ಪಟ್ಟು ಅಂದರೆ ಸುಮಾರು 40 ಮೀಟರ್ ಹಗ್ಗ ಬೇಕು. ಒಂದೇ ಲಂಗರಾದರೆ 6 ಮೀಟರ್ ದೋಣಿ ಅಷ್ಟು ದೊಡ್ಡ ಸುತ್ತು ಹೊಡೆಯುತ್ತದೆ. ಜಾಗವಿಲ್ಲ ಎಂದು ಹಗ್ಗ ಗಿಡ್ಡ ಮಾಡಿದರೆ ಲಂಗರಿನ ಕಾಲು ಮೇಲೆದ್ದು ಕಿತ್ತುಬರುತ್ತದೆ. ಕೊಲ್ಲಿಗಳಲ್ಲಿ ದೋಣಿ ಜಾರುವುದು ಹೆಚ್ಚಾಗಿ ಈ ಒಂದೇ ಕಾರಣಕ್ಕೆ. ಎದುರುಬದುರು ಎರಡು ಲಂಗರು ಹಾಕಿ ದೋಣಿಯನ್ನು ನಡುವೆ ನಿಲ್ಲಿಸಿದರೆ ಹಗ್ಗವೂ ಉದ್ದವಿರುತ್ತದೆ, ಸುತ್ತೂ ಚಿಕ್ಕದಾಗುತ್ತದೆ.

ಆ ಅಳತೆಯ ದೋಣಿಗೆ ನಾನು ಬಳಸುವುದು ಎಂಟು ಕಿಲೋ ಆಸುಪಾಸಿನ ಡ್ಯಾನ್‌ಫೋರ್ತ್ (ಎರಡು ಚಪ್ಪಟೆ ಅಲಗಿನ ಲಂಗರು) ಎರಡು. ಒಂದೊಂದಕ್ಕೂ 8 ಮಿಲಿಮೀಟರ್ ಸರಪಳಿ ದೋಣಿಯಷ್ಟೇ ಉದ್ದ, ಅದರಾಚೆ 12 ಮಿಲಿಮೀಟರ್ ನೈಲಾನ್. ಒಂಟಿ ಲಂಗರಿಗಿಂತ ಖರ್ಚು ಹತ್ತಿರ ಹತ್ತಿರ ದುಪ್ಪಟ್ಟು. ದುಡ್ಡು ಉಳಿಸಲೆಂದು ಲಂಗರಿನ ತೂಕದಲ್ಲಾಗಲಿ ಸರಪಳಿಯಲ್ಲಾಗಲಿ ಕಡಿಮೆ ಮಾಡಬೇಡಿ. ಅಗ್ಗದ ಪಾಲಿಪ್ರೊಪಿಲೀನ್ ಹಗ್ಗವಂತೂ ಬೇಡವೇ ಬೇಡ. ಅದು ತೇಲಿ ಯಾರದ್ದಾದರೂ ಪ್ರೊಪೆಲರ್‌ಗೆ ಸುತ್ತಿಕೊಳ್ಳುತ್ತದೆ. ಕಾಂಕ್ರೀಟ್ ದಿಮ್ಮಿಯೂ ಸುಮ್ಮನೆ ಖರ್ಚು: ನೀರಿಗಿಳಿದ ಕೂಡಲೇ ಅದರ ತೂಕದಲ್ಲಿ ನೂರಕ್ಕೆ ನಲವತ್ತು ಪಾಲು ಮಾಯ.

ಉಬ್ಬರವಿಳಿತದ ಸೆಳೆತ ಬರುವ ದಿಕ್ಕಿಗೆ ಮೂತಿ ಮಾಡಿ ಮೊದಲ ಲಂಗರು ಇಳಿಸಿ. ಎರಡು ಪಟ್ಟು, ಅಂದರೆ 80 ಮೀಟರ್ ಹಗ್ಗ ಬಿಡುತ್ತಾ ಹಿಂದೆ ಸರಿದು ಎಂಜಿನ್ ರಿವರ್ಸ್‌ನಲ್ಲಿ ಎಳೆಯಿರಿ. ಹಗ್ಗವನ್ನು ಅಂಗೈಯಲ್ಲಿ ಹಿಡಿದು ನೋಡಿ: ಗರಗರ ನಡುಗಿದರೆ ಲಂಗರು ಜಾರುತ್ತಿದೆ, ಬರೀ ಬಿಗಿಯಾಗಿದ್ದರೆ ಕಚ್ಚಿದೆ. ಅಲ್ಲೇ ಎರಡನೆಯದನ್ನು ಇಳಿಸಿ. ಮೊದಲ ಹಗ್ಗ ಎಳೆದುಕೊಳ್ಳುತ್ತಾ, ಎರಡನೆಯದನ್ನು ಬಿಡುತ್ತಾ ನಡುವಿಗೆ ಬನ್ನಿ, ಅದನ್ನೂ ಎಳೆದು ಕಚ್ಚಿಸಿ. ಎರಡೂ ಹಗ್ಗ ಮೂತಿಯಿಂದಲೇ ಹೋಗಬೇಕು, ಹಿಂಬದಿಯಿಂದಲ್ಲ. ಎರಡನ್ನೂ ಸ್ವಿವೆಲ್‌ಗೆ ಸೇರಿಸಿ, ಆ ಜೋಡಣೆಯನ್ನು ದೋಣಿಯ ತಳಕ್ಕಿಂತ ಒಂದೆರಡು ಮೀಟರ್ ಕೆಳಗಿಳಿಸಿ.

ಇಷ್ಟು ಮಾಡಿಯೂ ಸೋಲುವವರು ಹಗ್ಗವನ್ನು ತಂತಿಯಂತೆ ಬಿಗಿದಿರುತ್ತಾರೆ. ಅಡ್ಡಗಾಳಿ ಬಂದಾಗ ನೆಟ್ಟಗಿರುವ ಹಗ್ಗದ ಮೇಲೆ ಎಳೆತ ವಿಪರೀತ ಏರುತ್ತದೆ. ನೇರ ಗೆರೆಯಿಂದ 5 ಡಿಗ್ರಿ ಮಾತ್ರ ಬಾಗಿದರೆ ಒಂದೊಂದು ಲಂಗರಿನ ಮೇಲೂ ಗಾಳಿಯ ಬಲದ ಐದಾರು ಪಟ್ಟು ಬೀಳುತ್ತದೆ. 15 ಡಿಗ್ರಿ ಬಾಗಲು ಬಿಟ್ಟರೆ ಎರಡು ಪಟ್ಟಿಗೆ ಇಳಿಯುತ್ತದೆ. ಅದಕ್ಕೆ ಒಂದೊಂದು ಬದಿಗೆ ಒಂದೂವರೆ ಮೀಟರ್ ಸಡಿಲ ಸಾಕು. ಅಳೆಯುವುದು ಉಬ್ಬರ ತುಂಬಿದಾಗಲೇ. ಅಡ್ಡಕ್ಕೆ ಹತ್ತು ಮೀಟರ್‌ನಷ್ಟು ಓಲಾಡುತ್ತದೆ, ಆದರೆ ನಲವತ್ತಲ್ಲ.

ಹಗ್ಗದ ನಡುವೆ ತೂಕ ತೂಗುಬಿಟ್ಟೂ ನೋಡಿದ್ದಾಯಿತು. ಶಾಂತ ನೀರಲ್ಲಿ ಚೆನ್ನ, ಹಗ್ಗ ಬಿಗಿಯಾಗುವಂಥ ಗಾಳಿಯಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲ. ಮೂತಿಯಲ್ಲಿ ಹಗ್ಗ ಉಜ್ಜುವ ಜಾಗಕ್ಕೆ ರಬ್ಬರ್ ಪೈಪ್ ತೊಡಿಸಿದರೆ ಒಳಗಿನ ಬಿಸಿ ಹೊರಹೋಗದೆ ನೈಲಾನ್ ಕರಗಿ ಗಟ್ಟಿಯಾಗುತ್ತದೆ. ನೀರು ಒಸರುವ ದಪ್ಪ ಕ್ಯಾನ್ವಾಸ್ ಸುತ್ತಿ. ಶ್ಯಾಕಲ್ (ಸರಪಳಿ ಜೋಡಿಸುವ U ಆಕಾರದ ಕೊಂಡಿ) ಪಿನ್ ಬಿಚ್ಚದಂತೆ ಗ್ಯಾಲ್ವನೈಸ್ಡ್, ಅಂದರೆ ಸತು ಲೇಪಿಸಿದ ತಂತಿಯಿಂದಲೇ ಬಿಗಿಯಿರಿ. ಸ್ಟೇನ್‌ಲೆಸ್ ತಂತಿ ಹಾಕಿದರೆ ಉಪ್ಪುನೀರಿನಲ್ಲಿ ಶ್ಯಾಕಲ್ಲಿನ ಸತುವಿನ ಲೇಪ ಬೇಗ ತಿಂದುಹೋಗುತ್ತದೆ.

ಸೆಳೆತ ತಿರುಗಿದಾಗಲೆಲ್ಲ ದೋಣಿ ಒಂದೇ ಕಡೆಗೆ ಸುತ್ತದೆ, ಬಂದ ದಾರಿಯಲ್ಲೇ ಮರಳಲು ಚುಕ್ಕಾಣಿಯನ್ನು ಓರೆಯಾಗಿ ಕಟ್ಟುವ ಕ್ರಮವೊಂದಿದೆ. ಎಷ್ಟು ಓರೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ದೋಣಿಯಲ್ಲಿ ನೀವೇ ಹುಡುಕಿಕೊಳ್ಳಬೇಕು.

ಸುತ್ತಲಿನವರೆಲ್ಲ ಒಂಟಿ ಲಂಗರಿನಲ್ಲಿದ್ದರೆ ಈ ಕಟ್ಟು ಬೇಡ. ಅವರ ದೋಣಿಗಳು ಸುತ್ತಿ ಬಂದು ನಿಂತೇ ಇರುವ ನಿಮ್ಮದಕ್ಕೆ ಬಡಿಯುತ್ತವೆ.

ಎತ್ತುವಾಗ ಸೆಳೆತ ನಿಂತ ಹೊತ್ತು ನೋಡಿ, ಸಡಿಲವಿರುವ ಕಡೆಯದನ್ನು ಮೊದಲು ತೆಗೆಯಿರಿ. ಕೆಸರಲ್ಲಿ ಹೂತಿದ್ದರೆ ಹಗ್ಗವನ್ನು ನೇರ ಲಂಬವಾಗಿ ಗಿಡ್ಡ ಹಿಡಿದು ಮೂತಿಗೆ ಕಟ್ಟಿ, ಏರುವ ಉಬ್ಬರವೇ ನಿಧಾನಕ್ಕೆ ಕಿತ್ತುಕೊಡುತ್ತದೆ. ಮೂತಿ ತೀರಾ ತಗ್ಗಿದರೆ ಕೂಡಲೇ ಬಿಡಲು ಬರುವ ಗಂಟು ಹಾಕಿ, ಪಕ್ಕದಲ್ಲೇ ಚಾಕು ಇರಲಿ.