ಓವರ್‌ಲ್ಯಾಂಡ್ ಟ್ರ್ಯಾಕ್‌ನಲ್ಲಿ ಆರು ದಿನ, ಮನೆಯ ಬಿಸಿಬೇಳೆಬಾತ್

ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಕಾಲ್ನಡಿಗೆ ದಾರಿ ಓವರ್‌ಲ್ಯಾಂಡ್ ಟ್ರ್ಯಾಕ್ ಮುಗಿಸಿ ಬಂದೆವು. ಕ್ರೇಡಲ್ ಮೌಂಟನ್‌ನಿಂದ ಲೇಕ್ ಸೇಂಟ್ ಕ್ಲೇರ್ ತನಕ ಸುಮಾರು 65 ಕಿಲೋಮೀಟರ್, ಆರು ದಿನ. ರಾತ್ರಿ ಊಟಕ್ಕೆ ಅಂಗಡಿಯ ಒಣ ಊಟದ ಒಂದು ಪ್ಯಾಕೆಟ್ ಕೂಡ ಒಯ್ದಿರಲಿಲ್ಲ, ಮನೆಯಲ್ಲೇ ಮಾಡಿ ಒಣಗಿಸಿದ ಬಾತ್ ಹೊತ್ತಿದ್ದೆವು. "ಬಿಸಿಬೇಳೆಬಾತ್ ಒಣಗಿಸ್ತೀಯಾ? ಅದು ಹೊರಲಿಕ್ಕೂ ಆಗಲ್ಲ, ತಿನ್ನಲಿಕ್ಕೂ ಆಗಲ್ಲ ಮಾರಾಯ" ಅಂತ ಮೆಲ್ಬರ್ನಿನ ಗೆಳೆಯರೆಲ್ಲ ಹೇಳಿದ್ದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಪೂರ್ತಿ ಕೆಟ್ಟಿತು. ಮನೆಯಲ್ಲಿ ಮಾಡುವ ಹಾಗೆಯೇ ಎಣ್ಣೆ ಒಗ್ಗರಣೆ, ಕೊಬ್ಬರಿ ಎಲ್ಲ ಹಾಕಿ ಒಣಗಿಸಿದ್ದೆ. ಎಣ್ಣೆ ಒಣಗುವ ವಸ್ತುವಲ್ಲ. ಮೂರು ವಾರಕ್ಕೆ ಚೀಲ ತೆರೆದರೆ ಕಮಟು ವಾಸನೆ, ಅಷ್ಟೂ ಬಿನ್‌ಗೆ ಹೋಯಿತು. ಎರಡನೇ ಸಲ ಎಣ್ಣೆ ಬಿಟ್ಟೆ, ಆದರೆ ಬೇಳೆಯನ್ನು ಮಸೆಯಲಿಲ್ಲ, ಆಲೂಗಡ್ಡೆ ಹೋಳು ದೊಡ್ಡದಾಗಿತ್ತು. ಅದನ್ನು ವಿಕ್ಟೋರಿಯಾದ ವಿಲ್ಸನ್ಸ್ ಪ್ರಾಮಂಟರಿ ಕಾಡಿಗೆ ಒಯ್ದೆವು. ಅಲ್ಲಿನ ಸೀಲರ್ಸ್ ಕೋವ್‌ನಲ್ಲಿ ಕತ್ತಲಾಗುತ್ತಿದೆ, ಮುಕ್ಕಾಲು ಗಂಟೆ ಕುದಿಸಿದ್ದೇವೆ, ಬೇಳೆ ಇನ್ನೂ ಹಲ್ಲಿಗೆ ಹರಳು ಸಿಕ್ಕ ಹಾಗೆ. ಗ್ಯಾಸ್ ಕೂಡ ಅಲ್ಲೇ ಮುಗಿಯಿತು. ಆ ರಾತ್ರಿ ಊಟ ಅಂದರೆ ಹುರಿಹಿಟ್ಟು, ಬೆಲ್ಲ, ತಣ್ಣೀರು. ಹುರಿಹಿಟ್ಟಿಗೆ ಒಲೆಯೇ ಬೇಡ, ಅವತ್ತಿನಿಂದ ಅರ್ಧ ಕಿಲೋ ಇಲ್ಲದೆ ನಾನು ಕಾಡಿಗೆ ಹೋಗಿಲ್ಲ.

ಮೂರನೇ ಸಲ ಸರಿಯಾಯಿತು. ಬೇಳೆ, ಅಕ್ಕಿ ಎರಡನ್ನೂ ಕುಕ್ಕರ್‌ನಲ್ಲಿ ಜಾಸ್ತಿಯೇ ಬೇಯಿಸಿ ಚೆನ್ನಾಗಿ ಮಸೆದೆ. ಕ್ಯಾರೆಟ್, ಬೀನ್ಸ್ ಬಟಾಣಿಗಿಂತ ಸಣ್ಣದಾಗಿ ಹೆಚ್ಚಿದೆ, ಆಲೂಗಡ್ಡೆ ಬೇಡವೇ ಬೇಡ. ಎಣ್ಣೆ, ತುಪ್ಪ, ಕೊಬ್ಬರಿ ಯಾವುದೂ ಇಲ್ಲ. ಬೇಕಿಂಗ್ ಪೇಪರ್ ಮೇಲೆ ದೋಸೆಯಷ್ಟು ತೆಳ್ಳಗೆ ಹರಡಿ, ಡಿಹೈಡ್ರೇಟರ್ ಅನ್ನೋ ಒಣಗಿಸುವ ಯಂತ್ರದಲ್ಲಿ 60 ಡಿಗ್ರಿಗೆ ಒಂಬತ್ತು ಹತ್ತು ಗಂಟೆ, ನಡುವೆ ಒಮ್ಮೆ ಮಗುಚಬೇಕು. ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಪಟ್ ಅಂತ ಮುರಿಯಬೇಕು, ಬಾಗಿದರೆ ಇನ್ನೂ ನೀರಿದೆ ಅಂತಲೇ ಅರ್ಥ. ಒಂದು ಕಿಲೋ ಬಾತ್ ಇಳಿದು ಹತ್ತಿರ ಹತ್ತಿರ 280 ಗ್ರಾಂ ಆಯಿತು. ಹುಳಿ ಯಾವಾಗ ಸೇರಿಸುತ್ತೇನೆ, ಪುಡಿಯಲ್ಲಿ ಯಾವುದನ್ನು ಕಮ್ಮಿ ಮಾಡುತ್ತೇನೆ ಅನ್ನೋದು ನನ್ನ ಬಳಿಯೇ ಇರಲಿ, ಅದಕ್ಕೇ ಮೂರು ತಿಂಗಳು ಹೋಗಿದೆ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ನಾವು ಹೋದಾಗ ರೆಡಿಮೇಡ್ ಪ್ಯಾಕೆಟ್ ಒಂದಕ್ಕೆ 15 ಡಾಲರ್ ಆಸುಪಾಸು ಇತ್ತು. ಇಬ್ಬರಿಗೆ ಹತ್ತು ಹನ್ನೆರಡು ಊಟ ಅಂದರೆ 150ರಿಂದ 180 ಡಾಲರ್ ಆಗುತ್ತಿತ್ತು. ನಮಗೆ ಅಷ್ಟೂ ಊಟಕ್ಕೆ 35 ಡಾಲರ್ ಆಗಿರಬಹುದು. ಸೆಕೆಂಡ್ ಹ್ಯಾಂಡ್ ಡಿಹೈಡ್ರೇಟರ್ 50, ಕೆಟ್ಟು ಬಿಸಾಡಿದ್ದು ಒಂದು 40. ಒಂದೇ ಟ್ರಿಪ್ಪಿಗೆ ಎಲ್ಲ ವಾಪಸ್ ಬಂತು.

ಟ್ಯಾಸ್ಮೇನಿಯಾದ ಲಾನ್ಸೆಸ್ಟನ್ ಏರ್‌ಪೋರ್ಟ್‌ನಲ್ಲಿ ತಪಾಸಣೆಯ ನಾಯಿ ನಮ್ಮ ಚೀಲ ಮೂಸಿ ಮುಂದೆ ಹೋಯಿತು. ಜೊತೆಗೆ ಬಂದ ಗೆಳೆಯನ ಜೇಬಿನ ನಿಂಬೆಹಣ್ಣು ಮಾತ್ರ ಬಿನ್ ಸೇರಿತು, ಹಸಿ ಹಣ್ಣು ತರಕಾರಿ ಆ ದ್ವೀಪಕ್ಕೆ ಒಯ್ಯುವಂತಿಲ್ಲ ಅಲ್ವಾ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಅದನ್ನು ಊರೊಳಗೆ ಕೊಂಡೆವು.

ನಾವು ಹೋಗಿದ್ದು ಏಪ್ರಿಲ್ ಕೊನೆಗೆ, ಎಲೆ ಉದುರುವ ಮುನ್ನ ಬಣ್ಣ ಬದಲಿಸುವ ಫೇಗಸ್ ಮರ ನೋಡಬೇಕೆಂದೇ. ಮೊದಲ ದಿನವೇ ಕ್ರೇಟರ್ ಲೇಕ್ ಸುತ್ತಿನ ಇಳಿಜಾರೆಲ್ಲ ಹಳದಿ, ಕಿತ್ತಳೆ. ಮರಿಯನ್ಸ್ ಲುಕ್‌ಔಟ್ ಹತ್ತುವಾಗ ಹತ್ತು ಸಲ ಹಿಂದೆ ತಿರುಗಿ ನಿಂತಿದ್ದೇನೆ. ವಾಟರ್‌ಫಾಲ್ ವ್ಯಾಲಿ ಗುಡಿಸಲಲ್ಲಿ ಮೊದಲ ಪ್ಯಾಕೆಟ್ ಬಿಚ್ಚಿದೆ. ಒಂದು ಲೋಟ ಒಣ ಬಾತ್‌ಗೆ ಎರಡೂಕಾಲು ಲೋಟ ನೀರು, ಇಪ್ಪತ್ತು ನಿಮಿಷ ನೆನೆಹಾಕಿ, ಐದೇ ನಿಮಿಷ ಕುದಿಸಿ, ಪಾತ್ರೆಗೆ ಉಣ್ಣೆ ಟೋಪಿ ಸುತ್ತಿ ಇಟ್ಟೆ. ತುಪ್ಪ ಚಳಿಗೆ ಕಲ್ಲಾಗುತ್ತದೆ, ಅದಕ್ಕೇ ಪುಟ್ಟ ಬಾಟಲಿಯನ್ನು ಜಾಕೆಟ್ ಒಳಜೇಬಿನಲ್ಲಿ ಇಟ್ಟುಕೊಂಡಿದ್ದೆ. ಬಿಸಿ ಬಾತ್ ಮೇಲೆ ತುಪ್ಪ ಬಿದ್ದ ಪರಿಮಳಕ್ಕೆ ಪಕ್ಕದ ಮೇಜಿನವರು ತಮ್ಮ ಪ್ಯಾಕೆಟ್ ಬಿಟ್ಟು ಇತ್ತ ತಿರುಗಿದರು.

ಪೆಲಿಯನ್ ಗ್ಯಾಪ್‌ನಲ್ಲಿ ಚೀಲ ಇಟ್ಟು 1617 ಮೀಟರಿನ ಮೌಂಟ್ ಓಸಾ ಹತ್ತುವುದು ವಾಡಿಕೆ. ಅಲ್ಲಿನ ಕರ್ರವಾಂಗ್ ಹಕ್ಕಿ ನೋಡಲು ನಮ್ಮ ಕಾಡುಕಾಗೆ ಹಾಗೆ, ಆದರೆ ಕಣ್ಣು ಹಳದಿ. ಅದು ಕೊಕ್ಕಿನಲ್ಲಿ ಜಿಪ್ಪಿನ ತುದಿ ಕಚ್ಚಿ, ಕಾಲು ಊರಿ, ಸರ್ರಂತ ಎಳೆಯುವುದನ್ನು ನಾಲ್ಕು ಹೆಜ್ಜೆ ದೂರದಿಂದ ನೋಡಿದೆ. ಗೆಳೆಯನ ಕಡ್ಲೆಮಿಠಾಯಿ ಹೋಯಿತು. ನನ್ನದು ಉಳಿಯಿತು, ಜಿಪ್ ನೆಲದ ಕಡೆ ಮಾಡಿ, ಮಳೆಕವರ್ ಹಾಕಿ ಬಿಗಿದಿದ್ದೆ.

ಮೊಸರು ಒಣಗಿಸಿದ್ದೂ ಹೇಳಬೇಕು. ನೀರು ಬಸಿದ ಗಟ್ಟಿ ಮೊಸರು, ಉಪ್ಪು, ಜೀರಿಗೆ. ಹಾಳೆಯ ಹಾಗೆ ಒಣಗಿತು, ಮಿಕ್ಸಿಗೆ ಹಾಕಿದೆ. ಹಾರ್ಟ್‌ನೆಟ್ ಫಾಲ್ಸ್ ಬಂಡೆ ಮೇಲೆ ಕೂತು ಹೊಳೆ ನೀರಿಗೆ ಕದಡಿದೆ, ನೀರನ್ನು ಶುದ್ಧ ಮಾಡುವ ಮಾತ್ರೆ ಹಾಕಿಯೇ ಕುಡಿಯೋದು. ಸ್ವಲ್ಪ ಹುಳಿ ಜಾಸ್ತಿ, ಆದರೂ ಅದು ಮಜ್ಜಿಗೆಯೇ. ಚಪಾತಿ ಮಾತ್ರ ಒಣಗಿಸಬೇಡಿ, ರಟ್ಟು.

ಈಗ ಟ್ರೇ ಮೇಲೆ ಹಾಗಲಕಾಯಿ ಗೊಜ್ಜು ಇದೆ. ಬೆಲ್ಲ ಇದೆಯಲ್ಲ, ಆರು ಗಂಟೆಯಾದರೂ ಇನ್ನೂ ಅಂಟುತ್ತಿದೆ.