‘ಬಿಡ್ತು ಅನ್ನಿ’ ಅನ್ನೋದನ್ನು ಬಿಟ್ಟ ಮೇಲೆ

ನಾನು ತೀರ್ಥಹಳ್ಳಿ ಕಡೆಯ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಹೆಸರು ದೊಡ್ಡದು. ಕೆಲಸ ಬಿಪಿ, ಶುಗರ್, ಬಸುರಿ ಬಾಣಂತಿಯರು, ಮಳೆಗಾಲ ಮುಗಿದು ಚಳಿ ಹತ್ತಿತು ಅಂದರೆ ಮಂಗನ ಕಾಯಿಲೆಯ ಭಯ. ಊರವರಿಗೆ ನಾನು ಸಿಸ್ಟರ್, ಅಷ್ಟೇ.

ಕೆಲವು ವರ್ಷದ ಹಿಂದೆ ಒಬ್ಬರು ಬಿಪಿ ತೋರಿಸಲು ಬಂದರು. ನಲವತ್ತೈದರ ಆಸುಪಾಸು. ಗದ್ದೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದ್ದರು, ರೇಟು ಬಿದ್ದಿತ್ತು. ಮಾತ್ರೆ ಕೊಡಲು ಹೋದರೆ "ಇನ್ನು ಮಾತ್ರೆ ಯಾಕೆ ಸಿಸ್ಟರೇ, ನಾನು ಇದ್ದು ಯಾರಿಗೆ ಏನಾಗಬೇಕು" ಅಂದರು. ನಾನು ತಲೆಯೆತ್ತದೆ ರಿಜಿಸ್ಟರ್ ಬರೆಯುತ್ತಲೇ "ಛೆ, ಬಿಡ್ತು ಅನ್ನಿ ಅಣ್ಣ, ಹಂಗೆಲ್ಲ ಮಾತಾಡಬಾರದು" ಅಂದೆ. ಅವರು ನಕ್ಕು "ಬಿಡ್ತು" ಅಂದರು, ಮಾತ್ರೆ ತಗೊಂಡು ಹೋದರು. ಒಂದು ತಿಂಗಳೊಳಗೆ ಅವರನ್ನು ಶಿವಮೊಗ್ಗಕ್ಕೆ ಆಂಬುಲೆನ್ಸಿನಲ್ಲಿ ಒಯ್ದರು. ಬದುಕಿ ಬಂದರು, ಈಗಲೂ ಇದ್ದಾರೆ, ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಆಮೇಲೊಂದು ದಿನ ಅವರೇ ಹೇಳಿದರು, "ಅವತ್ತು ನಿಮಗೆ ಹೇಳಬೇಕು ಅಂತಲೇ ಬಂದಿದ್ದು. ನೀವು ಬಿಡ್ತು ಅನ್ನಿಸಿಬಿಟ್ರಿ."

ಅದು ನಮ್ಮಜ್ಜಿಯಿಂದ ಬಂದ ಮಾತು. ಸಾವಿನ ಸುದ್ದಿ ಯಾರ ಬಾಯಲ್ಲಿ ಬಂದರೂ ನಮಗೆ ಅದು ತಾನಾಗಿ ಬರುತ್ತದೆ. ಪ್ರೀತಿಯಿಂದಲೇ ಅನ್ನುತ್ತೇವೆ, ಆದರೆ ಎದುರಿನವರ ಬಾಯಿಗೆ ಬೀಗ ಬೀಳುತ್ತದೆ. ಆತ್ಮಹತ್ಯೆ ತಡೆಯುವ ಬಗ್ಗೆ ಎರಡು ದಿನದ ತರಬೇತಿಗೆ ನನ್ನ ಹೆಸರು ಬಂದಾಗ ಹೋಗಿದ್ದು ಈ ಚುಚ್ಚು ಇಟ್ಟುಕೊಂಡೇ. ಅಲ್ಲಿಂದ ಬಂದ ಮೇಲೆ ನಾನೇ ನಮ್ಮ ಆಶಾ ಕಾರ್ಯಕರ್ತೆಯರಿಗೆ, ಊರಿನ ಕೆಲವರಿಗೆ ಹೇಳಿಕೊಡಬೇಕಿತ್ತು.

ಮೊದಲ ತಂಡ ಪೂರ್ತಿ ಎಡವಟ್ಟು. ಪ್ರೊಜೆಕ್ಟರ್ ತರಿಸಿ ಸ್ಲೈಡ್ ಹಾಕಿದೆ. 2022ರಲ್ಲಿ ದೇಶದಲ್ಲಿ 1,70,924 ಜನ ಹೀಗೆ ಜೀವ ಕಳೆದುಕೊಂಡರು ಅಂತ ಅಂಕಿ ಓದಿದೆ, ಹಿಂದಿನ ಸಾಲಿನಲ್ಲಿ ಇಬ್ಬರು ಆಕಳಿಸಿದರು. ಸುಳಿವು ಗುರುತಿಸಿ, ಕೇಳಿ, ನೆರವಿಗೆ ದಾಟಿಸುವವರಿಗೆ ‘ಗೇಟ್‌ಕೀಪರ್’ ಅನ್ನುತ್ತಾರೆ ಅಂದಾಗ ಒಬ್ಬಳು "ನಾವೆಂತ ವಾಚ್‌ಮನ್ನಾ ಸಿಸ್ಟರ್?" ಅಂದಳು. ಎಲ್ಲ ನಕ್ಕರು, ಕರೆಂಟೂ ಹೋಯಿತು. ತಿಂಗಳು ಬಿಟ್ಟು ವಿಚಾರಿಸಿದರೆ ಹದಿನೆಂಟು ಜನರಲ್ಲಿ ಒಬ್ಬಳೂ ಯಾರನ್ನೂ ಆ ಪ್ರಶ್ನೆ ಕೇಳಿರಲಿಲ್ಲ. "ಬಾಯಿಗೇ ಬರಲ್ಲ" ಅಂದರು. ‘ನಿಮಗೆ ಆತ್ಮಹತ್ಯೆಯ ಆಲೋಚನೆಗಳು ಇವೆಯೇ’ ಅಂತ ಕೈಪಿಡಿಯಲ್ಲಿತ್ತು. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಕೂತವರಿಗೆ ಹಾಗೆ ಯಾರು ಕೇಳುತ್ತಾರೆ?

ಎರಡನೇ ತಂಡಕ್ಕೆ ಸ್ಲೈಡೇ ಇಲ್ಲ. ಗೋಡೆಗೆ ಬಿಳಿ ಹಾಳೆ ಅಂಟಿಸಿ "ನಿಮ್ಮ ಕೇರಿಯಲ್ಲಿ ಜನ ಇದನ್ನು ಹೇಗೆ ಹೇಳುತ್ತಾರೆ, ಹೇಳಿ" ಅಂದೆ. ಹತ್ತು ನಿಮಿಷದಲ್ಲಿ ಹಾಳೆ ತುಂಬಿತು. ಸಾಕಾಗಿ ಹೋಗಿದೆ. ದೇವರು ಒಂದ್ಸಲ ಕರ್ಕೊಂಡ್ರೆ ಸಾಕು. ನಾನಿಲ್ಲ ಅಂದ್ರೆ ಇವರಿಗೆಲ್ಲ ಹಗುರ. ಇನ್ನು ಎಷ್ಟು ದಿನ ಇರ್ತೀನೋ. ಮಾತಿಲ್ಲದ ಸುಳಿವೂ ಅವರಿಗೇ ಗೊತ್ತಿತ್ತು. ಇದ್ದಕ್ಕಿದ್ದಂತೆ ತೋಟದ ಲೆಕ್ಕದ ಪುಸ್ತಕ ಮಗನ ಕೈಗೆ ಕೊಡುವುದು, ಸಾಕಿದ ದನವನ್ನು ಯಾರಿಗೋ ದಾಟಿಸುವುದು, ಸಂಘದ ಮೀಟಿಂಗು ತಪ್ಪಿಸುವುದು, ಮತ್ತೆ, ವಾರಗಟ್ಟಲೆ ಒದ್ದಾಡಿದವರು ಒಂದು ಬೆಳಿಗ್ಗೆ ತುಂಬಾ ಸಮಾಧಾನವಾಗಿ ಕಾಣುವುದು. ಕೊನೆಯದನ್ನು ಹೇಳಿದವಳು ಹಾಗೇ ಸುಮ್ಮನಾದಳು. ಅವಳ ಅಣ್ಣ ಹೋಗಿ ಆರು ವರ್ಷವಾಗಿತ್ತು, ನನಗೆ ಗೊತ್ತೇ ಇರಲಿಲ್ಲ. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಶುರುವಿನಲ್ಲೇ "ಈ ವಿಷಯ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಆಗಿರಬಹುದು, ನಿಮಗೇ ಆಗಿರಬಹುದು, ಎದ್ದು ಹೊರಗೆ ಹೋದರೆ ಯಾರೂ ಯಾಕೆ ಅಂತ ಕೇಳಲ್ಲ" ಅನ್ನುತ್ತೇನೆ. ಹೊರಗೆ ಜೊತೆಗೆ ಕೂರಲು ಇನ್ನೊಬ್ಬ ಸಿಸ್ಟರ್ ಇರಲೇಬೇಕು. ಒಬ್ಬರೇ ಈ ತರಬೇತಿ ಮಾಡಬೇಡಿ.

ಆಮೇಲೆ ಬಾಯಿ ಬಿಡಿಸುವ ಕೆಲಸ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಕಣ್ಣು ನೋಡಿಕೊಂಡು, "ಬದುಕೋದೇ ಬೇಡ ಅನ್ನಿಸುತ್ತಾ? ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?" ಅಂತ ಜೋರಾಗಿ ಕೇಳಿಸುತ್ತೇನೆ. ಮೊದಲು ನಗು. ಎರಡನೇ ಸಲ ತೊದಲು. ಐದಾರು ಸಲ ಆದ ಮೇಲೆ ಮಾತು ಮಾತಾಗಿ ಬರುತ್ತದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತದಲ್ಲ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಆಗುವುದಿಲ್ಲ, ಇದನ್ನು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಕೇಳಿಸಿಕೊಂಡವರಿಗೆ ಸಾಮಾನ್ಯವಾಗಿ ಎದೆ ಹಗುರಾಗುತ್ತದೆ.

ಆದರೆ ಹೇಗೆ ಕೇಳುತ್ತೀರಿ ಅನ್ನೋದು ಮುಖ್ಯ. ನಮ್ಮ ಭಾಷೆಯಲ್ಲಿ ಒಂದು ಗುಂಡಿ ಇದೆ: ‘ಇಲ್ಲ ತಾನೆ’. "ಅಂಥ ಹುಚ್ಚು ಯೋಚನೆ ಎಲ್ಲ ಏನೂ ಇಲ್ಲ ತಾನೆ?" ಅಂದರೆ ಉತ್ತರವನ್ನೂ ನೀವೇ ಕೊಟ್ಟಹಾಗೆ, ಎದುರಿನವರು ಮರ್ಯಾದೆಗೆ "ಇಲ್ಲಪ್ಪ" ಅನ್ನುತ್ತಾರೆ. ಓದಿಕೊಂಡ ನರ್ಸುಗಳೂ ಇದರಲ್ಲಿ ಬೀಳುತ್ತಾರೆ, ನಾನೂ ಬಿದ್ದಿದ್ದೇನೆ. ಖಿನ್ನತೆ ಇದೆಯಾ ಅಂತ ನೋಡಲು ನಾವು ತುಂಬುವ ಪಿಎಚ್‌ಕ್ಯೂ-9 ಫಾರಂನ ಒಂಬತ್ತನೇ ಪ್ರಶ್ನೆ ಇದೇ ಸಾವಿನ ಯೋಚನೆಯದ್ದು. ಅದನ್ನು ಎಷ್ಟು ಜನ ಕೇಳದೆಯೇ ಸೊನ್ನೆ ಹಾಕುತ್ತಾರೆ ಅಂತ ನಮ್ಮ ನಮ್ಮಲ್ಲಿ ಎಲ್ಲರಿಗೂ ಗೊತ್ತು.

"ಹೌದು" ಅಂದರೆ? ಇಲ್ಲಿ ಆಶಾಗಳಿಗೆ ಕೈಕಾಲು ನಡುಗುತ್ತದೆ. ಬುದ್ಧಿ ಹೇಳಬೇಡಿ, ಮಕ್ಕಳ ಮುಖ ನೋಡಿ ಅನ್ನಬೇಡಿ, ದೇವರ ಮೇಲೆ ಆಣೆ ಹಾಕಿಸಿಕೊಳ್ಳಬೇಡಿ. ಹೇಗೆ ಯಾವಾಗ ಅಂತ ಯೋಚಿಸಿದ್ದಾರಾ, ಹಿಂದೆ ಯಾವತ್ತಾದರೂ ಪ್ರಯತ್ನ ಆಗಿದೆಯಾ, ಇಷ್ಟು ಕೇಳಿ. ಹಿಂದೆ ಒಮ್ಮೆ ಪ್ರಯತ್ನಿಸಿದವರಲ್ಲಿ ಅಪಾಯ ಜಾಸ್ತಿ. "ಯಾರಿಗೂ ಹೇಳಬೇಡ" ಅಂದರೆ ಆ ಮಾತು ಕೊಡಬೇಡಿ. "ಊರಿಗೆ ಹೇಳಲ್ಲ, ಆದರೆ ನಿಮ್ಮನ್ನು ಉಳಿಸಿಕೊಳ್ಳೋಕೆ ಬೇಕಾದ ಒಬ್ಬಿಬ್ಬರಿಗೆ ಹೇಳ್ತೀನಿ" ಅಂತ ನೇರ ಹೇಳಿ. ಒಬ್ಬರನ್ನೇ ಬಿಟ್ಟು ಏಳಬೇಡಿ.

ತೋಟದ ಔಷಧಿಯ, ಅಂದರೆ ಕೀಟನಾಶಕದ ಮಾತೂ ಬಂದೇ ಬರುತ್ತದೆ. ಮಲೆನಾಡಿನಲ್ಲಿ ಅದಿಲ್ಲದ ಮನೆ ಕಡಿಮೆ. ಸಾಯಬೇಕು ಅನ್ನುವ ತೀವ್ರ ಹೊತ್ತು ಎಷ್ಟೋ ಸಲ ಕೆಲವೇ ಗಂಟೆಯದ್ದು, ಕೆಲವರಿಗೆ ನಿಮಿಷಗಳದ್ದು. ಆ ಹೊತ್ತು ದಾಟಿದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ಅತಿ ಅಪಾಯದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರ ಹೊತ್ತಿಗೆ ಇದ್ದ ಆತ್ಮಹತ್ಯೆಯ ಪ್ರಮಾಣ ಮುಂದಿನ ಎರಡು ದಶಕದಲ್ಲಿ ಸುಮಾರು ಶೇ 70ರಷ್ಟು ಇಳಿಯಿತು. ನಿಷೇಧ ನಮ್ಮ ಕೈಯಲ್ಲಿಲ್ಲ, ಬೀಗ ಇದೆಯಲ್ಲ. ಬೀಗದ ಪೆಟ್ಟಿಗೆ, ಕೀ ಪಕ್ಕದ ಮನೆಯವರ ಹತ್ತಿರ. ಇನ್ನೂ ಒಳ್ಳೆಯದು ಅಂದರೆ ಬೇಕಾದಾಗ ಬೇಕಾದಷ್ಟೇ ತರುವುದು. ನಮ್ಮ ಕಡೆಯ ಔಷಧಿ ಅಂಗಡಿಯವರೊಬ್ಬರು ಮೂರನೇ ತಂಡದಲ್ಲಿ ಬಂದು ಕೂತರು. ಯಾವತ್ತೂ ತೋಟದ ಕೆಲಸಕ್ಕೆ ಬಾರದವರು ಸಂಜೆ ಒಬ್ಬರೇ ಬಂದರೆ ಈಗ ಅವರು ಮೊದಲು ಟೀ ತರಿಸುತ್ತಾರೆ, ಮಾತಿಗೆಳೆಯುತ್ತಾರೆ.

ಮುಂದೆ ಎಲ್ಲಿಗೆ ಕಳಿಸುವುದು? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆದರೆ ಆಷಾಢದ ಮಳೆಯಲ್ಲಿ ಮೂರು ದಿನ ಕರೆಂಟಿಲ್ಲದೆ ಟವರ್ ಸತ್ತಾಗ ನಂಬರ್ ಇದ್ದು ಏನು ಮಾಡುವುದು, ಅಲ್ವಾ? ಅದಕ್ಕೆ ಪ್ರತಿ ಆಶಾ ತನ್ನ ಊರಿನ ಒಂದು ಕಾಗದ ಮಾಡಿಕೊಂಡಿದ್ದಾಳೆ. ಎಲ್ಲಿ ಸಿಗ್ನಲ್ ಸಿಗುತ್ತದೆ, ರಾತ್ರಿ ಯಾರ ಜೀಪು ಬರುತ್ತದೆ, ಯಾರ ಮಾತು ಆ ಮನೆಯಲ್ಲಿ ನಡೆಯುತ್ತದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಆಶಾ ಜೊತೆಗೇ ಬಸ್ಸು ಹತ್ತುತ್ತಾಳೆ. ಬಸ್ಸಿನಲ್ಲಿ ಎಲ್ಲರೂ ಎಲ್ಲಿಗೆ ಅಂತ ಕೇಳುತ್ತಾರೆ. "ಬಿಪಿ ತೋರಿಸೋಕೆ" ಅನ್ನುತ್ತಾಳೆ. ಇದೊಂದು ಸುಳ್ಳಿಗೆ ನನ್ನ ಅಭ್ಯಂತರವಿಲ್ಲ.

ಪೊಲೀಸ್ ಕೇಸಾಗುತ್ತದೆ ಅಂತ ಆಸ್ಪತ್ರೆಗೇ ತರದವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಶಿಕ್ಷೆಯಿಲ್ಲ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ ದಾಖಲೆ) ಬರೆಯುತ್ತಾರೆ, ಅದು ಬೇರೆ ವಿಷಯ. ಇದಕ್ಕಿಂತ ನನಗೆ ಬೇಜಾರಾಗುವುದು ನಮ್ಮವರದ್ದೇ ಬಾಯಿ. ಶುಂಠಿಯ ಅಣ್ಣನಿಗೆ ವಾರ್ಡಿನಲ್ಲಿ ಒಬ್ಬರು "ನಾಚಿಕೆ ಆಗಲ್ವಾ, ನಮಗೆ ಬೇರೆ ಕೆಲಸ ಇಲ್ವಾ" ಅಂದರಂತೆ. ರಾತ್ರಿಪಾಳಿಯಲ್ಲಿ ಎಷ್ಟು ಸುಸ್ತಾಗುತ್ತದೆ ಅಂತ ನನಗೂ ಗೊತ್ತು, ಆದರೂ. ಅವರು ಮತ್ತೆ ಆ ಕಡೆ ತಲೆಹಾಕಲು ಮೂರು ತಿಂಗಳು ಬೇಕಾಯಿತು. ಡಿಸ್ಚಾರ್ಜ್ ಆದ ಮೊದಲ ವಾರಗಳೇ ಹೆಚ್ಚು ಅಪಾಯದ್ದು, ಅದಕ್ಕೆ ನಾವು ಆ ವಾರದಲ್ಲೇ ಮನೆಗೆ ಹೋಗುತ್ತೇವೆ. ಜಗಲಿಯಲ್ಲಿ ಕೂತು ಒಂದು ಲೋಟ ಕಷಾಯ ಕುಡಿದು ಬಂದರೂ ಸಾಕು.

ಕಳೆದ ಮಳೆಗಾಲದಲ್ಲಿ ಒಬ್ಬ ಆಶಾ ಫೋನ್ ಮಾಡಿದಳು, ಮಳೆ ಸದ್ದಿಗೆ ಅರ್ಧ ಕೇಳಿಸಲಿಲ್ಲ. "ಕೇಳಿದೆ ಸಿಸ್ಟರ್. ಹೌದು ಅಂದ್ರು. ಈಗ ಎಂತ ಮಾಡ್ಲಿ?" ಎಲ್ಲಿದ್ದೀ ಅಂದೆ. ಅವರ ಮನೆ ಜಗಲಿಯಲ್ಲೇ ಅಂದಳು. "ಏಳಬೇಡ, ಬರ್ತಿದೀನಿ." ನಾನು ಹೋಗುವಷ್ಟರಲ್ಲಿ ಆ ಅಮ್ಮ ಎಲ್ಲ ಹೇಳಿಯಾಗಿತ್ತು, ಇವಳು ಪಕ್ಕದಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದಳು.

ಮುಂದಿನ ತಂಡ ಅಡಿಕೆ ಸುಲಿತ ಮುಗಿದ ಮೇಲೆ, ಅದಕ್ಕೂ ಮೊದಲು ಕರೆದರೆ ಯಾರೂ ಬರಲ್ಲ. ಈ ಸಲ ಡೈರಿಯ ಸೆಕ್ರೆಟರಿ, ಕೊನೆ ಬಸ್ಸಿನ ಕಂಡಕ್ಟರ್, ಪಿಗ್ಮಿ ಕಟ್ಟಿಸಿಕೊಳ್ಳುವ ಹುಡುಗ ಬರುತ್ತಿದ್ದಾರೆ. ಯಾವ ಅಂಗಡಿಯವರು ಎಷ್ಟು ದಿನದಿಂದ ಪಿಗ್ಮಿ ಕಟ್ಟಿಲ್ಲ ಅಂತ ಆ ಹುಡುಗನಿಗೆ ಗೊತ್ತು, ನನಗೆ ಗೊತ್ತಿಲ್ಲ. ಅವನು ಈಗಲೇ ಒಂದು ತಕರಾರು ತೆಗೆದಿದ್ದಾನೆ, "ದುಡ್ಡು ಕೇಳೋಕೆ ಹೋದವನು ಇದನ್ನು ಹೆಂಗೆ ಕೇಳಲಿ ಅಕ್ಕ?" ಉತ್ತರ ಇನ್ನೂ ಕೊಟ್ಟಿಲ್ಲ. ಹಾಳೆ ಅಂಟಿಸಿ ಅವತ್ತು ಎಲ್ಲರನ್ನೂ ಕೇಳುತ್ತೇನೆ.