ಆದಿ ಕ್ರೈಸ್ತರ ದೀಕ್ಷಾಸ್ನಾನದ ಕ್ರಮ

ಕ್ರಿಸ್ತನೊಡನೆ ಸತ್ತು, ಹೂಳಲ್ಪಟ್ಟು, ಹೊಸ ಬಾಳಿಗೆ ಏಳುವುದೇ ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ) ಎಂದು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ವಿವರಿಸುತ್ತಾನೆ. ಅದನ್ನು ಮಾಡಿಸುವ ಬಗೆಯನ್ನು ಸುತ್ತುಬಳಸಿಲ್ಲದೆ ಹೇಳುವುದು ‘ದಿದಖೆ’ ಎಂಬ ಪ್ರಾಚೀನ ಗ್ರೀಕ್ ಭಾಷೆಯ ಕ್ರೈಸ್ತ ಕೈಪಿಡಿ.

ಮೊದಲು ಜೀವಮಾರ್ಗ ಹಾಗೂ ಮರಣಮಾರ್ಗಗಳ, ಅಂದರೆ ಒಳ್ಳೆಯ ಮತ್ತು ಕೆಟ್ಟ ನಡತೆಯ ದಾರಿಗಳ, ಬೋಧನೆ ಮುಗಿಯಬೇಕು. ದೀಕ್ಷೆ ಪಡೆಯುವವನು ಒಂದೆರಡು ದಿನ ಮುಂಚಿತವಾಗಿ ಉಪವಾಸವಿರಬೇಕು. ದೀಕ್ಷೆ ಕೊಡುವವನೂ, ಸಾಧ್ಯವಾದರೆ ಇತರರೂ ಅವನೊಡನೆ ಉಪವಾಸ ಮಾಡಬೇಕು. ಬಳಿಕ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ‘ಜೀವಜಲ’ದಲ್ಲಿ, ಅಂದರೆ ಹರಿಯುವ ನೀರಿನಲ್ಲಿ, ಸ್ನಾನ ಮಾಡಿಸಬೇಕು. ಅದು ದೊರೆಯದಿದ್ದರೆ ಬೇರೆ ನೀರಾದೀತು. ತಣ್ಣೀರಿನಲ್ಲಿ ಆಗದಿದ್ದರೆ ಬಿಸಿನೀರಾದೀತು. ಎರಡೂ ಸಾಕಷ್ಟಿಲ್ಲದಿದ್ದರೆ ತಲೆಯ ಮೇಲೆ 3 ಬಾರಿ ನೀರೆರೆಯಬೇಕು. ನೀರಿನ ವಿಷಯದಲ್ಲಿ ಇಷ್ಟು ಸಡಿಲಿಕೆ ತೋರುವ ಈ ಕೈಪಿಡಿ, ಉಚ್ಚರಿಸಬೇಕಾದ ಹೆಸರಿನ ವಿಷಯದಲ್ಲಿ ಮಾತ್ರ ಯಾವ ಪರ್ಯಾಯವನ್ನೂ ಕೊಡುವುದಿಲ್ಲ.